ಬಾರ್ಲಿ ಬಣ್ಣ ಕಟ್ಟುವ ಊರು

ನ್ಯೂರೆಂಬರ್ಗ್‌ನಲ್ಲಿ ಹತ್ತಿದ ರೈಲು ಗಂಟೆ ತುಂಬುವ ಮೊದಲೇ ನಮ್ಮನ್ನು ಬಾಂಬರ್ಗ್‌ನಲ್ಲಿ ಇಳಿಸುತ್ತದೆ. ನಕ್ಷೆ ಆಮೇಲೆ ಬಿಚ್ಚೋಣ, ಮೊದಲು ಗಾಳಿ ಮೂಸೋಣ. ಒದ್ದೆ ಧಾನ್ಯದ ಹಸಿವಾಸನೆ ಮೊದಲು ಬರುತ್ತದೆ. ಅದರ ಬೆನ್ನಿಗೇ ಹುರಿದ ಸಿಪ್ಪೆಯ ಘಮ, ಗಾಳಿ ತುಸು ತಿರುಗಿದರೆ ಸುಟ್ಟ ಸಕ್ಕರೆಯ ಕಮರು. ಹಳಿಗಳ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡಗಳು ಎದ್ದು ನಿಂತಿವೆ. ಕಮಾನು ಕಿಟಕಿ, ಚೂಪು ಗೋಪುರ, ಚಿಮಣಿ. ದೂರದಿಂದ ನೋಡಿದವರು ಇದೊಂದು ಚರ್ಚು ಅಂದುಕೊಂಡಾರು. ಅದು ವೈಯರ್ಮನ್ ಮಾಲ್ಟ್ ಕಾರ್ಖಾನೆ, ಬೀರಿಗೆಂದು ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ಮನೆ. ಜರ್ಮನಿಯ ಈ ಫ್ರಾಂಕೋನಿಯಾ ಸೀಮೆಗೆ ನಾನು ಬಂದಿರುವುದೇ ಈ ಘಮದ ಬೆನ್ನು ಹತ್ತಿ.

ಬೀರಿನ ಬಗ್ಗೆ ಮಾತೆತ್ತಿದರೆ ಜನ ಹಾಪ್ಸ್ ಹೂವಿನ ಕಹಿಯನ್ನು ಹೊಗಳುತ್ತಾರೆ, ಯೀಸ್ಟನ್ನು ಕೊಂಡಾಡುತ್ತಾರೆ, ಬೀರು ಕಾಯಿಸುವವನ ಕೈಗುಣವನ್ನು ಮೆಚ್ಚುತ್ತಾರೆ. ಮಾಲ್ಟ್ ಮಾಡುವವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ದೊಡ್ಡ ಅನ್ಯಾಯವೆಂದು ತೋರುತ್ತದೆ. ಲೋಟದೊಳಗಿನ ಹೊನ್ನಿನ ಬಣ್ಣ, ತಾಮ್ರದ ಕೆಂಪು, ಇದ್ದಲಿನ ಕಪ್ಪು, ನೊರೆ ನಿಲ್ಲುವ ಬಗೆ, ನಾಲಗೆಯ ಮೇಲೆ ಬೀರು ಕೂರುವ ಭಾರ ಇವೆಲ್ಲದರ ಬಹುಪಾಲು ತೀರ್ಮಾನ ಬೀರಿನ ಮನೆಗೆ ಚೀಲ ತಲುಪುವ ಮೊದಲೇ ಆಗಿಹೋಗಿರುತ್ತದೆ. ಕಾಳು ಒಂದೇ, ಬಾರ್ಲಿ. ನೀರು, ಗಾಳಿ, ಬೆಂಕಿ ಅದಕ್ಕೆ ಎಷ್ಟು ಹೊತ್ತು, ಎಷ್ಟು ತಾಗಿದವು ಎಂಬುದರಲ್ಲೇ ಎಲ್ಲ ಕಥೆಯೂ ಇದೆ. ಆ ಕಥೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಕಾಲ್ನಡಿಗೆಯಲ್ಲೇ ಓದಬಹುದಾದ ಊರು ಬಾಂಬರ್ಗ್.

ಬನ್ನಿ, ಒಳಗೆ ಹೋಗೋಣ. ಯೋಹಾನ್ ಬಾಪ್ಟಿಸ್ಟ್ ವೈಯರ್ಮನ್ ಈ ಮನೆಯನ್ನು ಶುರುಮಾಡಿದ್ದು 1879ರಲ್ಲಿ. ಮೊದಲು ಇಲ್ಲಿ ಹುರಿದದ್ದು ಮಾಲ್ಟ್ ಕಾಫಿಗೆ. ಕಾಫಿ ಬೀಜ ಕೈಗೆಟುಕದ ಬೆಲೆಯಲ್ಲಿದ್ದ ಕಾಲದಲ್ಲಿ ಹುರಿದ ಬಾರ್ಲಿಯ ಕಷಾಯವನ್ನೇ ಜನ ಬೆಳಿಗ್ಗೆ ಕುಡಿಯುತ್ತಿದ್ದರು. ಆಮೇಲೆ ಬೀರಿನ ಮಾಲ್ಟ್ ಬಂತು, ಮನೆ ಬೆಳೆಯಿತು. ಈಗ ಇಲ್ಲಿಂದ ಹೊರಡುವ ಕೆಂಪು ಹಳದಿ ಗುರುತಿನ ಚೀಲಗಳು ಜಗತ್ತಿನ ಮೂಲೆಮೂಲೆಗೂ ಹೋಗುತ್ತವೆ. ನಾನು ಬೆಂಗಳೂರಿನವನೆಂದು ಹೇಳಿದ ಕೂಡಲೇ ಮಾಲ್ಟ್ ಮನೆ ತೋರಿಸುವ ಹೆಂಗಸಿನ ಮುಖ ಅರಳುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೂ ಇಲ್ಲಿಯ ಚೀಲಗಳು ಸಮುದ್ರ ದಾಟಿ ಹೋಗುತ್ತವೆಂದು ಆಕೆ ಹೆಮ್ಮೆಯಿಂದ ಹೇಳುತ್ತಾಳೆ.

ಮೊದಲ ಮಹಡಿಯಲ್ಲಿ ನೀರಿನ ಸದ್ದು. ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬಾರ್ಲಿ ನೆನೆಯುತ್ತಿದೆ, ತಳದಿಂದ ಗಾಳಿಗುಳ್ಳೆಗಳು ಬುಳುಬುಳು ಏಳುತ್ತಿವೆ. ಹೊಲದಿಂದ ಬಂದ ಕಾಳಿನಲ್ಲಿ ಇರುವುದು ಶೇಕಡ 12ರಷ್ಟು ತೇವ. ಅದು 45ರ ಹತ್ತಿರ ಏರಬೇಕು. ಸುಮ್ಮನೆ ಮುಳುಗಿಸಿಟ್ಟರೆ ಕಾಳು ಉಸಿರುಕಟ್ಟಿ ಸಾಯುತ್ತದೆ. ಅದಕ್ಕೇ ಕೆಲವು ಗಂಟೆ ನೀರು, ಕೆಲವು ಗಂಟೆ ಬರೀ ಗಾಳಿ, ಮತ್ತೆ ನೀರು, ಹೀಗೆ ಎರಡು ದಿನ ನಡೆಯುತ್ತದೆ. ಕಾಳಿಗೂ ಉಸಿರಾಟವಿದೆ ಎಂಬುದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ತೊಟ್ಟಿಯ ಅಂಚಿಗೆ ಬಾಗಿ ಅದರ ಗುಳುಗುಳು ಕೇಳುವುದೇ ಬೇರೆ.

ಮುಂದಿನ ಬಾಗಿಲು ತೆರೆದರೆ ತಂಪು ಮಂಜಿನಂತಹ ತೇವ ಮುಖಕ್ಕೆ ತಾಗುತ್ತದೆ. ಉದ್ದಕ್ಕೂ ಚಾಚಿದ ಪೆಟ್ಟಿಗೆಗಳು, ತೂತಿನ ತಳ, ಅದರ ಮೇಲೆ ಮೊಣಕಾಲಿಗಿಂತ ಎತ್ತರಕ್ಕೆ ಹರಡಿದ ಮೊಳಕೆ ಬಾರ್ಲಿ. ಕೆಳಗಿನಿಂದ ತಣ್ಣನೆಯ ಒದ್ದೆ ಗಾಳಿ ಹಾಯುತ್ತದೆ. ಹಳಿಯ ಮೇಲೆ ಸಾಗುವ ಯಂತ್ರವೊಂದು ತನ್ನ ಉದ್ದುದ್ದ ತಿರುಪುಗಳನ್ನು ಕಾಳಿನ ರಾಶಿಯೊಳಗೆ ಇಳಿಬಿಟ್ಟು, ನಿಧಾನವಾಗಿ ಮಗುಚುತ್ತಾ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಮಗುಚದಿದ್ದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯೇ ಆಗಿಬಿಡುತ್ತದೆ, ಒಳಗೆ ಬಿಸಿ ಏರಿ ಮೊಳಕೆ ಕೆಡುತ್ತದೆ. ಯಂತ್ರ ಬರುವ ಮೊದಲು ಈ ಕೆಲಸವನ್ನು ಮರದ ಸಲಿಕೆ ಹಿಡಿದ ಆಳುಗಳು ಮಾಡುತ್ತಿದ್ದರು. ಹಗಲು, ರಾತ್ರಿ, ಕಲ್ಲು ಹಾಸಿದ ನೆಲದ ಮೇಲೆ, ಬಾಗಿದ ಬೆನ್ನಿನಲ್ಲಿ.

ಹಿಡಿ ಕಾಳು ಎತ್ತಿ ಮೂಗಿಗೆ ಹಿಡಿದರೆ ಎಳೆ ಸೌತೆಕಾಯಿಯ ವಾಸನೆ. ಎಲ್ಲ ದೇಶದ ಮಾಲ್ಟ್ ಕೆಲಸಗಾರರೂ ಒಳ್ಳೆಯ ಮೊಳಕೆಯನ್ನು ಗುರುತಿಸುವುದು ಈ ವಾಸನೆಯಿಂದಲೇ. ಜೊತೆಯಲ್ಲಿದ್ದ ಹೆಂಗಸು ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕುತ್ತಾಳೆ. ಅದು ಸೀಮೆಸುಣ್ಣದ ಪುಡಿಯ ಹಾಗೆ ಸವರಿಹೋಗುತ್ತದೆ. ಕಲ್ಲಿನಷ್ಟು ಗಟ್ಟಿಯಿದ್ದ ಕಾಳು ನಾಲ್ಕೈದು ದಿನದಲ್ಲಿ ಹೀಗೆ ಮೆತ್ತಗಾಗಿದೆ. ಒಳಗೆ ಕಿಣ್ವಗಳು ಹುಟ್ಟಿ ಪಿಷ್ಟದ ಕಣಗಳನ್ನು ಕಟ್ಟಿಹಾಕಿದ್ದ ಗೋಡೆಗಳನ್ನು ಒಡೆದಿವೆ. ಮುಂದೆ ಬಿಸಿನೀರು ಸಿಕ್ಕ ಕ್ಷಣ ಇದೇ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸಬೇಕು, ಆ ಸಕ್ಕರೆಯನ್ನು ಯೀಸ್ಟ್ ತಿನ್ನಬೇಕು. ಆಗಲೇ ಬೀರು.

ನಮ್ಮ ಕಡೆ ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ ಹುರಿದು ಬೀಸುವ ಅಜ್ಜಿಯರು ಮಾಡುತ್ತಿದ್ದುದೂ ಇದೇ ಕೆಲಸ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ದೇಶಿಕಾಚಾರ್ ಮತ್ತು ಮಲ್ಲೇಶಿಯವರು ಮೊಳಕೆ ರಾಗಿಯ ಕಿಣ್ವಗಳನ್ನು ಅಭ್ಯಾಸ ಮಾಡಿ, ಅದರ ಹಿಟ್ಟು ಬೆರೆಸಿದ ಗಂಜಿ ಎಳೆಮಕ್ಕಳಿಗೆ ಏಕೆ ಹಿತವೆಂದು ತೋರಿಸಿದರು. ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಗಂಜಿ ತೆಳ್ಳಗಾಗುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ. ತೊಟ್ಟಿಲ ಗಂಜಿಗೂ ಬಾಂಬರ್ಗಿನ ಬೀರಿಗೂ ಅಡಿಪಾಯ ಒಂದೇ ಎಂದು ಈ ತೇವದ ಕೋಣೆಯಲ್ಲಿ ಹೊಳೆದಾಗ ಮೈ ಜುಮ್ಮೆನ್ನುತ್ತದೆ.

ಇಲ್ಲಿಂದ ಮೇಲೆ ಬೆಂಕಿಯ ರಾಜ್ಯ. ಮೊಳಕೆಯನ್ನು ಹೀಗೆಯೇ ಬಿಟ್ಟರೆ ಅದು ಸಸಿಯಾಗಿಬಿಡುತ್ತದೆ, ತಾನು ಕೂಡಿಟ್ಟ ಪಿಷ್ಟವನ್ನು ತಾನೇ ತಿಂದು ಮುಗಿಸುತ್ತದೆ. ತಡೆಯಬೇಕು, ಆದರೆ ಕಿಣ್ವ ಸಾಯಬಾರದು. ಒಣಗಿಸುವ ಗೂಡಿನ ಬಾಗಿಲ ಸಂದಿಯಿಂದ ಬರುವ ಬಿಸಿಗಾಳಿ ಕಣ್ಣೀರು ತರಿಸುತ್ತದೆ. ಮೊದಲು ಹದವಾದ ಬಿಸಿಯಲ್ಲಿ ತೇವ ಹೊರಗೆ, ಕೊನೆಗೆ 80-85 ಡಿಗ್ರಿ ಸೆಲ್ಸಿಯಸ್. ಇಲ್ಲಿಗೆ ನಿಲ್ಲಿಸಿದರೆ ಪಿಲ್ಸ್‌ನರ್ ಮಾಲ್ಟ್, ಒಣಹುಲ್ಲಿನ ಬಣ್ಣ. ಇನ್ನೊಂದಿಷ್ಟು ಏರಿಸಿ 90ರ ಆಸುಪಾಸಿಗೆ ತಂದರೆ ವಿಯೆನ್ನಾ. ಕಾಳಿನಲ್ಲಿ ತೇವ ಹೆಚ್ಚಿರುವಾಗಲೇ ಬಿಸಿ ಕೊಟ್ಟು, ಕೊನೆಯಲ್ಲಿ 100 ದಾಟಿಸಿದರೆ ಮ್ಯೂನಿಕ್. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಕೈಜೋಡಿಸಿ ಕಂದು ಬಣ್ಣವನ್ನೂ ಬ್ರೆಡ್ಡಿನ ಅಂಚಿನ ರುಚಿಯನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಾಮಿ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಮಾಲ್ಟ್ ಮನೆಯವರು ಅವನಿಗಿಂತ ಎಷ್ಟೋ ಮೊದಲೇ ಇದನ್ನು ಮೂಗಿನಿಂದ ಬಲ್ಲವರಾಗಿದ್ದರು.

ಹತ್ತು ಡಿಗ್ರಿಯ ಈ ಅಂತರಗಳ ಹಿಂದೆ ಎಂಥ ಸಾಹಸಗಳಿವೆ ಎಂದು ನೆನೆದರೆ ಬೆರಗಾಗುತ್ತದೆ. ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯ ಗಾಬ್ರಿಯೇಲ್ ಸೆಡ್ಲ್‌ಮಾಯರ್, ವಿಯೆನ್ನಾದ ಬಳಿಯ ಶ್ವೇಖಾಟ್‌ನ ಆಂಟೋನ್ ಡ್ರೇಹರ್ ಎಂಬ ಇಬ್ಬರು ಯುವಕರು 1833ರಲ್ಲಿ ಬ್ರಿಟನ್ನಿನ ಬ್ರೂವರಿಗಳನ್ನು ನೋಡಲು ಹೋದರು. ಅಲ್ಲಿ ಹೊಗೆ ತಾಗಿಸದೆ, ಹದವಾದ ಬಿಸಿಯಲ್ಲಿ ತಿಳಿಬಣ್ಣದ ಮಾಲ್ಟ್ ಮಾಡುವುದನ್ನು ಕಣ್ಣಾರೆ ಕಂಡರು. ಟೊಳ್ಳು ಊರುಗೋಲಿನಲ್ಲಿ ಬೀರಿನ ಮಾದರಿಗಳನ್ನು ಕದ್ದು ತಂದು ಕೋಣೆಯಲ್ಲಿ ಪರೀಕ್ಷಿಸುತ್ತಿದ್ದರು. ಊರಿಗೆ ಮರಳಿದ ಡ್ರೇಹರ್ 1841ರಲ್ಲಿ ತಣ್ಣಗೆ ಮಾಗಿಸಿದ, ತಾಮ್ರವರ್ಣದ ವಿಯೆನ್ನಾ ಲಾಗರ್ ಬೀರು ಹೊರತಂದ. ಅದರ ಮರುವರ್ಷವೇ ಬೊಹೀಮಿಯಾದ ಪಿಲ್ಸೆನ್‌ನಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಇಂಗ್ಲಿಷ್ ಮಾದರಿಯ ಗೂಡಿನಲ್ಲಿ ಒಣಗಿಸಿದ ಮಾಲ್ಟಿನಿಂದ ಹೊನ್ನಿನ ಬಣ್ಣದ ಬೀರು ತೆಗೆದ. ಇಂದು ಲೋಕವೆಲ್ಲ ಬೀರು ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ಬಣ್ಣ ಅದೇ.

ಮುಂದಿನದು ಸದ್ದಿನ ಕೋಣೆ. ಉಕ್ಕಿನ ಭಾರಿ ಡ್ರಮ್ಮುಗಳು ಉರುಳುತ್ತಿವೆ, ಒಳಗೆ ಕಾಳು ಮಳೆ ಸುರಿದಂತೆ ಸದ್ದು ಮಾಡುತ್ತಿದೆ. ಇಲ್ಲಿ ಎರಡು ಬಗೆಯ ಮಾಯೆ ನಡೆಯುತ್ತದೆ. ಮೊದಲನೆಯದು ಕ್ಯಾರಮೆಲ್ ಮಾಲ್ಟ್. ಒದ್ದೆ ಮೊಳಕೆಯನ್ನೇ ಡ್ರಮ್ಮಿಗೆ ಹಾಕಿ, ತೇವ ಹೋಗದಂತೆ 60-70 ಡಿಗ್ರಿಯಲ್ಲಿ ತಡೆದಿಟ್ಟರೆ, ಸಿಪ್ಪೆಯೊಳಗೇ ಪಿಷ್ಟ ಕರಗಿ ಪಾಕವಾಗುತ್ತದೆ. ಆಮೇಲೆ ಬಿಸಿ ಏರಿಸಿದರೆ ಆ ಪಾಕ ಗಟ್ಟಿಯಾಗಿ ಗಾಜಿನ ಹರಳಾಗುತ್ತದೆ. ಕಾಳು ಸೀಳಿ ಬೆಳಕಿಗೆ ಹಿಡಿದರೆ ಒಳಗೆ ಕೆಂಪಾಗಿ ಹೊಳೆಯುತ್ತದೆ. ಎರಡನೆಯದು ಹುರಿದ ಮಾಲ್ಟ್. ಒಣಗಿದ ಮಾಲ್ಟನ್ನು 220 ಡಿಗ್ರಿಯವರೆಗೂ ಹುರಿಯುವುದು, ಇನ್ನೇನು ಹೊತ್ತಿಕೊಳ್ಳಬೇಕು ಎನ್ನುವಾಗ ನೀರು ಚಿಮುಕಿಸಿ ತಣಿಸುವುದು. ಡ್ರಮ್ಮಿನ ಬಾಯಿ ತೆರೆದಾಗ ಹಬೆ ಭುಸ್ಸೆಂದು ಏಳುತ್ತದೆ, ಕರಿಕಾಳಿನ ಹೊಳೆ ತಟ್ಟೆಗೆ ಧುಮುಕುತ್ತದೆ, ಕೋಣೆ ತುಂಬ ಕಾಫಿ, ಕೋಕೋ, ಇದ್ದಲಿನ ಘಾಟು. ನಾನು ಅಲ್ಲಿಂದ ಬೇಗ ಕದಲಲಿಲ್ಲ.

ಈ ಡ್ರಮ್ಮಿನ ಪೂರ್ವಜ ಲಂಡನ್ನಿನದು. ಅಲ್ಲಿಯ ಪೋರ್ಟರ್ ಬೀರು ಹಿಂದೆ ಪೂರ್ತಿ ಕಂದು ಮಾಲ್ಟಿನಿಂದ ಆಗುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಗೆ ಸಕ್ಕರೆಯ ಅಂಶ ಅಳೆಯುವ ಉಪಕರಣ ಬಂದಾಗ, ತಿಳಿ ಮಾಲ್ಟಿನಿಂದಲೇ ಹೆಚ್ಚು ಸಾರ ಸಿಗುತ್ತದೆಂದು ಗೊತ್ತಾಯಿತು. ಹಣ ಉಳಿಯಿತು, ಆದರೆ ಕಪ್ಪು ಬಣ್ಣ ಹೋಯಿತು. ಬಣ್ಣಕ್ಕೆ ಬೇರೇನನ್ನೂ ಬೆರೆಸಲು ಕಾನೂನು ಬಿಡಲಿಲ್ಲ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಉರುಳೆಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಿಡಿಯಷ್ಟು ಕರಿಮಾಲ್ಟ್ ಹಾಕಿದರೆ ಇಡೀ ಹಂಡೆಯೇ ಕಪ್ಪು. ಪೋರ್ಟರ್, ಸ್ಟೌಟ್‌ಗಳ ಈಗಿನ ರೂಪಕ್ಕೆ ಅವನೇ ಕಾರಣ.

ರುಚಿ ನೋಡುವ ಮೇಜಿನ ಮುಂದೆ ಈಗ ಕೂತಿದ್ದೇವೆ. ಬಿಳಿ ಬಟ್ಟಲುಗಳ ಸಾಲು ಎಡದಿಂದ ಬಲಕ್ಕೆ ಹುಲ್ಲಿನ ಬಣ್ಣದಿಂದ ಕಾಡಿಗೆಯ ಬಣ್ಣಕ್ಕೆ ಇಳಿಯುತ್ತಾ ಹೋಗುತ್ತದೆ. ಯುರೋಪಿನ ಬಣ್ಣದ ಅಳತೆಯಲ್ಲಿ ಮೊದಲ ಬಟ್ಟಲಿಗೆ 3 ಅಥವಾ 4, ಕೊನೆಯದಕ್ಕೆ 1300ರ ಮೇಲೆ. ಒಂದೊಂದೇ ಕಾಳು ಕಡಿಯಿರಿ. ಪಿಲ್ಸ್‌ನರ್ ಗರಿಗರಿ, ಹಿಟ್ಟಿನ ಸಿಹಿ, ಕೊನೆಯಲ್ಲಿ ಹಸಿ ಹುಲ್ಲಿನ ನೆನಪು. ಮ್ಯೂನಿಕ್ ತುಂಬಿದ ರುಚಿ, ಆಗಷ್ಟೇ ಗೂಡಿನಿಂದ ತೆಗೆದ ಬ್ರೆಡ್ಡಿನ ಮೇಲ್ಪದರ. ಕ್ಯಾರಮೆಲ್ ಬಗೆಯ ಕಾರಾಮ್ಯೂನಿಕ್ ಹಲ್ಲಿಗೆ ಅಂಟುತ್ತದೆ, ಟಾಫಿ, ಒಣದ್ರಾಕ್ಷಿ. ಹುರಿದ ಬಗೆಯ ಕಾರಾಫಾ ಕಹಿ, ಒಗರು, ಗಂಟಲಲ್ಲಿ ಕರಿಯ ಕಾಫಿ. ಸಿಪ್ಪೆ ತೆಗೆದು ಹುರಿದ ಕಾರಾಫಾ ಬೇರೆಯೇ ಇದೆ. ಅದರಲ್ಲಿ ಬಣ್ಣವಿದೆ, ಒಗರು ಕಡಿಮೆ. ಕಪ್ಪಗಿದ್ದೂ ಮೃದುವಾಗಿರುವ ಷ್ವಾರ್ಟ್ಸ್‌ಬೀರ್ ಎಂಬ ಕರಿ ಲಾಗರ್‌ಗೆ ಇದೇ ಸರಿ.

ಕಪ್ಪಾದಷ್ಟೂ ರುಚಿ ಹೆಚ್ಚು, ಕಿಣ್ವ ಕಡಿಮೆ. ಕ್ಯಾರಮೆಲ್, ಹುರಿದ ಮಾಲ್ಟುಗಳಲ್ಲಿ ಕಿಣ್ವ ಸತ್ತೇಹೋಗಿರುತ್ತದೆ. ಅದಕ್ಕೇ ಯಾವ ಬೀರಾದರೂ ತಿಳಿ ಮಾಲ್ಟಿನ ಬುನಾದಿ ಬೇಕು. ಸ್ಟೌಟ್‌ನಲ್ಲಿ ಕೂಡ ಕರಿಕಾಳು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ಮೀರುವುದಿಲ್ಲ. ಗೋಧಿ ಬೀರಿಗೆ ಜರ್ಮನಿಯ ನಿಯಮದ ಪ್ರಕಾರ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಗೋಧಿ ಮಾಲ್ಟ್ ಬೇಕು. ಮಾಲ್ಟ್ ಮನೆಯ ಹೆಂಗಸು ಬಟ್ಟಲುಗಳಿಂದ ಚಿಟಿಕೆ ಚಿಟಿಕೆ ತೆಗೆದು ನನ್ನ ಅಂಗೈಯಲ್ಲಿ ಬೆರೆಸಿಕೊಡುತ್ತಾಳೆ: ಇದು ಬಾಕ್, ಇದು ಡುಂಕೆಲ್, ಇದು ಕೆಂಪು ಏಲ್. ಅಗಿಯುತ್ತಿದ್ದರೆ ಬೀರಿನ ನೆರಳು ನಾಲಗೆಯ ಮೇಲೆ ಹಾದುಹೋಗುತ್ತದೆ.

ಇಷ್ಟೊಂದು ಬಗೆ ಇಲ್ಲೇ ಏಕೆ ಹುಟ್ಟಿತು? ಉತ್ತರ ಕಾನೂನಿನಲ್ಲಿದೆ ಎಂದು ನನ್ನ ನಂಬಿಕೆ. ಬವೇರಿಯಾದ 1516ರ ಶುದ್ಧತೆಯ ಶಾಸನ ಎಲ್ಲರಿಗೂ ಗೊತ್ತು. ಆದರೆ ಬಾಂಬರ್ಗಿನ ಬಿಷಪ್-ದೊರೆ ಮೂರನೇ ಹೈನ್ರಿಶ್ 1489ರಲ್ಲೇ ಇಂಥದ್ದೊಂದು ಆಜ್ಞೆ ಹೊರಡಿಸಿದ್ದ: ಮಾಲ್ಟ್, ಹಾಪ್ಸ್, ನೀರು ಬಿಟ್ಟು ಬೇರೇನೂ ಬೀರಿಗೆ ಬೀಳಕೂಡದು. ಬವೇರಿಯಾದ ಶಾಸನ ಬಾರ್ಲಿ ಎಂದಿತು, ಬಾಂಬರ್ಗಿನದು ಮಾಲ್ಟ್ ಎಂದಿತ್ತು. ಹಣ್ಣು, ಸಕ್ಕರೆ, ಮಸಾಲೆ ಎಲ್ಲಕ್ಕೂ ಬಾಗಿಲು ಮುಚ್ಚಿದಾಗ ಜಾಣತನವೆಲ್ಲ ಮಾಲ್ಟಿನೊಳಗೆ ಇಳಿಯಲೇಬೇಕಾಯಿತು. ನೀರಿನ ಕ್ಷಾರ ತಗ್ಗಿಸಲು ಆಮ್ಲ ಬೆರೆಸುವಂತಿಲ್ಲವೇ? ಸರಿ, ಕಾಳಿನ ಮೇಲೆ ಸಹಜವಾಗಿ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಂದಲೇ ಹುಳಿ ಬರಿಸಿದ ಹುಳಿ ಮಾಲ್ಟ್ ಇದೆ. ಬಣ್ಣ ಬೆರೆಸುವಂತಿಲ್ಲವೇ? ಹುರಿದ ಮಾಲ್ಟಿನಿಂದಲೇ ಬೀರು ಮಾಡಿ ಬತ್ತಿಸಿದ, ಮಸಿಯಷ್ಟು ಕಪ್ಪಾದ ಸಿನಾಮಾರ್ ದ್ರವ ಇದೆ. ಹನಿ ಹನಿ ಹಾಕಿದರೆ ತಿಳಿಬೀರು ಕಪ್ಪಾಗುತ್ತದೆ, ಶಾಸನಕ್ಕೂ ಭಂಗವಿಲ್ಲ.

ಹೊರಡುವ ಮುನ್ನ ಅಂಗಡಿಯ ಕಪಾಟಿನಲ್ಲಿ ಮಾಲ್ಟ್ ಸಾರದ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದ ಸಿಹಿನೀರನ್ನು ನಿರ್ವಾತದಲ್ಲಿ, ಕಡಿಮೆ ಬಿಸಿಯಲ್ಲಿ ಬತ್ತಿಸಿ, ನೂರಕ್ಕೆ 80ರಷ್ಟು ಗಟ್ಟಿ ಅಂಶ ಉಳಿಯುವ ಪಾಕ ಮಾಡಿರುತ್ತಾರೆ. ಇನ್ನೂ ಒಣಗಿಸಿದರೆ ಪುಡಿ. ಮನೆಯಲ್ಲೇ ಬೀರು ಮಾಡುವವರಿಗೆ ಇದು ವರ. ಸುಮಾರು 3 ಕೆಜಿ ಪಾಕ, ನೀರು, ಹಾಪ್ಸ್, ಯೀಸ್ಟ್ ಇದ್ದರೆ 20 ಲೀಟರ್ ಬೀರಿಗೆ ದಾರಿಯಾಯಿತು. ಧಾನ್ಯ ಒಡೆಯುವುದು, ಬಿಸಿಯ ಹದ ಕಾಯುವುದು, ಸೋಸುವುದು ಯಾವುದೂ ಬೇಡ. ತಿಳಿಬಣ್ಣದ ಪಾಕ ಪಿಲ್ಸ್‌ನರ್‌ಗೆ, ಗೋಧಿ ಬೆರೆತದ್ದು ವೈಸ್‌ಬೀರ್‌ಗೆ, ಅಂಬರ್ ಮ್ಯೂನಿಕ್ ಬಗೆಗೆ. ನನ್ನ ಮಾತು ಕೇಳುವುದಾದರೆ ಪಾಕ ಒಂದನ್ನೇ ನೆಚ್ಚಬೇಡಿ. ಬತ್ತಿಸುವಾಗ, ಕಪಾಟಿನಲ್ಲಿ ಕೂರುವಾಗ ಅದರ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ, ರುಚಿಯನ್ನೂ ಬೇರೆ ಯಾರೋ ಆಗಲೇ ಆರಿಸಿರುತ್ತಾರೆ. ಒಡೆದ ಕ್ಯಾರಮೆಲ್ ಕಾಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ 65-70 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಳಿಬಿಟ್ಟು, ಆ ನೀರಿಗೆ ಪಾಕ ಬೆರೆಸಿದರೆ ಬೀರಿಗೆ ನಿಮ್ಮದೇ ಮುಖ ಬರುತ್ತದೆ. ಮಾಲ್ಟಿನ ಸಾರ ಮೊದಲು ಔಷಧಿ ಅಂಗಡಿಯ ಗೆಳೆಯನಾಗಿತ್ತು ಎಂಬುದೂ ನೆನಪಿರಲಿ. ರಸಾಯನಶಾಸ್ತ್ರಜ್ಞ ಲೀಬಿಗ್ 1860ರ ದಶಕದಲ್ಲಿ ತಾಯಿಹಾಲು ಸಿಗದ ಶಿಶುಗಳಿಗೆಂದು ಮಾಲ್ಟ್ ಹಿಟ್ಟಿನ ಆಹಾರ ರೂಪಿಸಿದ್ದ. ನಮ್ಮ ಮನೆಮನೆಯ ಹಾರ್ಲಿಕ್ಸ್ ಕೂಡ ಅದೇ ಯೋಚನೆಯ ಕುಡಿ.

ಕಾರ್ಖಾನೆಯಿಂದ ಹೊರಗೆ ಬಂದರೆ ಬಿಸಿಲು. ಊರ ಕಡೆಗಿನ ದಾರಿಯಲ್ಲಿ ತೋಟಗಾರರ ಕೇರಿ ಸಿಗುತ್ತದೆ. ಬೀದಿಗೆ ಮುಖಮಾಡಿದ ತಗ್ಗಿನ ಮನೆಗಳು, ದೊಡ್ಡ ಬಾಗಿಲು, ಅದರೊಳಗಿಂದ ಇಣುಕಿದರೆ ಹಿಂದೆ ಹಸಿರೋ ಹಸಿರು. ಊರಿನ ನಡುವೆಯೇ ಈರುಳ್ಳಿ, ಲೆಟ್ಯೂಸ್, ಜ್ಯೇಷ್ಠಮಧು ಬೆಳೆದ ಪರಂಪರೆ ಇದು. ಯುನೆಸ್ಕೋ 1993ರಲ್ಲಿ ಬಾಂಬರ್ಗನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೆಥೀಡ್ರಲ್ಲಿನ ಜೊತೆಗೆ ಈ ತರಕಾರಿ ಮಡಿಗಳೂ ಸೇರಿದವು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಓಬೆರೆ ಕ್ಯೋನಿಗ್‌ಸ್ಟ್ರಾಸೆ ಬೀದಿಯಲ್ಲಿ ಎರಡು ಹಳೆಯ ಬ್ರೂವರಿಗಳು ಎದುರುಬದುರು ನಿಂತಿವೆ, ಫೆಸ್ಲಾ ಮತ್ತು ಸ್ಪೆಟ್ಸಿಯಾಲ್. 1536ರಿಂದ ನಡೆದುಬಂದ ಸ್ಪೆಟ್ಸಿಯಾಲ್ ತನಗೆ ಬೇಕಾದ, ಹೊಗೆಯಲ್ಲಿ ಒಣಗಿಸಿದ ಮಾಲ್ಟನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಬೀರಿನ ರುಚಿ ಸಂಜೆ ನೋಡೋಣ. ಈಗ ರೆಗ್ನಿಟ್ಸ್ ನದಿ ಕರೆಯುತ್ತಿದೆ. ನದಿಯ ನಡುವೆ ಕಟ್ಟಿದ ಪುಟ್ಟ ದ್ವೀಪದ ಮೇಲೆ ಹಳೆಯ ಪುರಭವನ ಹಡಗಿನಂತೆ ನಿಂತಿದೆ. ಬಿಷಪ್ ನಾಗರಿಕರಿಗೆ ಜಾಗ ಕೊಡಲಿಲ್ಲವಂತೆ, ಅವರು ಹೊಳೆಯಲ್ಲೇ ಕಂಬ ಹೂಳಿ ಕಟ್ಟಿಕೊಂಡರಂತೆ. ಗೋಡೆಯ ತುಂಬ 1755ರಲ್ಲಿ ಯೋಹಾನ್ ಆನ್ವಾಂಡರ್ ಬರೆದ ಚಿತ್ರಗಳು. ಚಿತ್ರದ ದೇವದೂತ ಮಗುವೊಂದರ ಕಾಲು ನಿಜವಾಗಿಯೂ ಗೋಡೆಯಿಂದ ಹೊರಗೆ ಚಾಚಿಕೊಂಡಿದೆ! ಸೇತುವೆಯ ಕೆಳಗೆ ನೀರು ಮೊರೆಯುತ್ತದೆ, ಪಕ್ಕದ ದಂಡೆಯಲ್ಲಿ ಬೆಸ್ತರ ಮರದ ಮನೆಗಳ ಮಹಡಿಗಳಿಂದ ಕೆಂಪು ಜೆರೇನಿಯಂ ಜೋಲುತ್ತದೆ.

ಡೊಮಿನಿಕನರ್‌ಸ್ಟ್ರಾಸೆಯ ತಿರುವಿನಲ್ಲಿ ಮತ್ತೆ ಮೂಗು ಎಚ್ಚರವಾಗುತ್ತದೆ. ಈ ಬಾರಿ ಹೊಗೆ. ಕಪ್ಪು ಮರದ ಚೌಕಟ್ಟಿನ ಮನೆಯ ಮುಂದೆ ಜನ ಬೀದಿಯಲ್ಲೇ ಲೋಟ ಹಿಡಿದು ನಿಂತಿದ್ದಾರೆ. ಇದು ಶ್ಲೆಂಕರ್ಲಾ. 1405ರಲ್ಲಿ ಮೊದಲು ದಾಖಲಾದ ಮನೆ, ಈಗ ಟ್ರುಮ್ ಮನೆತನದ ಕೈಯಲ್ಲಿದೆ. ಒಳಗೆ ತಗ್ಗು ಛಾವಣಿ, ಕಾಲದ ಹೊಗೆ ಹಿಡಿದು ಕಪ್ಪಾದ ತೊಲೆಗಳು, ಉಜ್ಜಿ ಉಜ್ಜಿ ಬೆಳ್ಳಗಾದ ಮೇಜುಗಳು. ಮರದ ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಬೀರು ಇಳಿಯುತ್ತದೆ. ಕೆಂಗಪ್ಪು ಬಣ್ಣ, ಕೆನೆಯಂಥ ನೊರೆ. ಮೊದಲ ಗುಟುಕಿಗೆ ಬಾಯಿತುಂಬ ಸೌದೆ ಒಲೆಯ ಹೊಗೆ, ಅದರ ಹಿಂದೆ ಮೆಲ್ಲಗೆ ಮಾಲ್ಟಿನ ಸಿಹಿ, ಕೊನೆಗೆ ಹಾಪ್ಸಿನ ಒಣ ಕಹಿ. ಈ ಬೀರಿನ ರುಚಿ ತಿಳಿಯಬೇಕಾದರೆ ಮೂರನೇ ಲೋಟದವರೆಗೂ ಕಾಯಬೇಕು ಎಂಬುದು ಊರಿನವರ ಮಾತು. ನನ್ನನ್ನು ಮೊದಲ ಲೋಟವೇ ಗೆದ್ದಿತು.

ಮಠವೊಂದಕ್ಕೆ ಬೆಂಕಿ ಬಿದ್ದು ಮಾಲ್ಟಿಗೆ ಹೊಗೆ ಹಿಡಿಯಿತು, ಬಡತನದಿಂದ ಅದನ್ನೇ ಬಳಸಿದರು, ಜನಕ್ಕೆ ಹಿಡಿಸಿಬಿಟ್ಟಿತು ಎಂಬ ಕಥೆಯನ್ನು ಇಲ್ಲಿ ಹೇಳುತ್ತಾರೆ. ಚಂದದ ಕಥೆ. ಆದರೆ ನಿಜ ಅದಕ್ಕಿಂತ ದೊಡ್ಡದು. ಒಂದು ಕಾಲದಲ್ಲಿ ಕಟ್ಟಿಗೆಯ ಬೆಂಕಿಯಲ್ಲಿ ಒಣಗಿದ ಮಾಲ್ಟಿಗೆಲ್ಲ ಹೊಗೆ ತಾಗುತ್ತಲೇ ಇತ್ತು. ಬಿಸಿಲಲ್ಲಿ ಒಣಗಿಸದ ಕಡೆ ಬೀರಿನಲ್ಲಿ ಹೊಗೆ ಇದ್ದೇ ಇರುತ್ತಿತ್ತು. ಹೊಗೆ ತಾಗದಂತೆ ಮಾಲ್ಟ್ ಒಣಗಿಸುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ನಿಕೋಲಸ್ ಹಾಲ್ಸ್ 1635ರಲ್ಲಿ ಪೇಟೆಂಟ್ ಪಡೆದ. ಮುಂದಿನ ಎರಡು ಶತಮಾನಗಳಲ್ಲಿ ಒಂದೊಂದೇ ಊರು ಹೊಗೆಯನ್ನು ಬಿಟ್ಟಿತು. ಬಾಂಬರ್ಗಿನ ಎರಡು ಮನೆಗಳು, ಶ್ಲೆಂಕರ್ಲಾ ಮತ್ತು ಸ್ಪೆಟ್ಸಿಯಾಲ್, ಬಿಡಲಿಲ್ಲ. ಇಂದಿಗೂ ಬೀಚ್ ಮರದ ಕೊರಡು ಉರಿಸಿ, ಅದರ ಹೊಗೆಯನ್ನೇ ಹಸಿ ಮಾಲ್ಟಿನ ಮೂಲಕ ಹಾಯಿಸುತ್ತಾರೆ. ಹಾಗಾಗಿ ಈ ಲೋಟದಲ್ಲಿರುವುದು ಆರು ಶತಮಾನದ ಹಿಂದಿನ ಸಾಮಾನ್ಯ ಮನುಷ್ಯನ ದಿನನಿತ್ಯದ ರುಚಿ. ಅರಮನೆಗಳು ಉಳಿಯುವುದು ಸುಲಭ. ಒಂದು ರುಚಿ ಬಾಯಿಂದ ಬಾಯಿಗೆ ಇಷ್ಟು ದೂರ ಬಂದದ್ದು ನನಗೆ ಪವಾಡವಾಗಿ ಕಾಣುತ್ತದೆ.

ಬೆಟ್ಟ ಹತ್ತುವ ಕಲ್ಲುದಾರಿ ನೇರ ಕೆಥೀಡ್ರಲ್ಲಿಗೆ ಒಯ್ಯುತ್ತದೆ. ನಾಲ್ಕು ಗೋಪುರ, ತಂಪು ನೆರಳು, ಕಂಬಕ್ಕೆ ಒರಗಿದ ಕುದುರೆ ಸವಾರನ ಶಿಲ್ಪ, ಅವನಾರೆಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಸಾಮ್ರಾಟ ಎರಡನೇ ಹೈನ್ರಿಶ್ ಮತ್ತು ರಾಣಿ ಕುನಿಗುಂಡೆಯರ ಸಮಾಧಿಯ ಮೇಲೆ ಶಿಲ್ಪಿ ರೀಮೆನ್‌ಶ್ನೈಡರ್‌ನ ಉಳಿ ಆಡಿದೆ. ಅಲ್ಲಿಂದ ಇನ್ನೊಂದು ಏರು ಹತ್ತಿದರೆ ಮಿಖಾಯೆಲ್ಸ್‌ಬರ್ಗ್, ಹಳೆಯ ಬೆನೆಡಿಕ್ಟೈನ್ ಮಠ. ಅದರ ಚರ್ಚಿನ ಛಾವಣಿಯಲ್ಲಿ ಐನೂರಕ್ಕೂ ಹೆಚ್ಚು ಗಿಡಮೂಲಿಕೆಗಳ ಚಿತ್ರ ಬರೆದಿದ್ದಾರೆ. ಸನ್ಯಾಸಿಗಳು ಬೀರು ಮಾಡುತ್ತಿದ್ದ ಕೋಣೆಗಳಲ್ಲಿ ಈಗ ಫ್ರಾಂಕೋನಿಯಾದ ಬ್ರೂವರಿ ಸಂಗ್ರಹಾಲಯವಿದೆ. ಮಾಲ್ಟ್ ಮಗುಚುವ ಮರದ ಸಲಿಕೆಯೊಂದರ ಮುಂದೆ ನಾನು ನಿಲ್ಲುತ್ತೇನೆ. ಹಿಡಿ ಸವೆದು ನುಣುಪಾಗಿದೆ.

ಸಂಜೆಯ ಹೊತ್ತಿಗೆ ಸ್ಟೆಫಾನ್ಸ್‌ಬರ್ಗ್ ಬೆಟ್ಟ. ಈ ಮರಳುಗಲ್ಲಿನ ಗುಡ್ಡದ ಹೊಟ್ಟೆಯಲ್ಲಿ ಸುರಂಗಗಳಿವೆ. ಯಂತ್ರದ ಶೀತಲ ಪೆಟ್ಟಿಗೆ ಬರುವ ಮೊದಲು ಲಾಗರ್ ಬೀರು ಬೇಸಿಗೆಯಿಡೀ ಇಲ್ಲೇ ತಣ್ಣಗೆ ಮಲಗುತ್ತಿತ್ತು. ಮೇಲೆ ನೆರಳಿಗೆಂದು ನೆಟ್ಟ ಚೆಸ್ಟ್‌ನಟ್ ಮರಗಳ ಕೆಳಗೆ ಮೇಜು ಹಾಕಿ ಕುಡಿಯುವ ರೂಢಿ ಬೆಳೆಯಿತು. ನೆಲಮಾಳಿಗೆಗೆ ಹೋಗೋಣ ಎಂದು ಹೇಳಿ ಬೆಟ್ಟ ಹತ್ತುವವರು ಬಾಂಬರ್ಗಿನವರು ಮಾತ್ರವೇನೋ. ಸ್ಪೆಟ್ಸಿಯಾಲ್‌ನವರಿಗೆ ಈ ಬೆಟ್ಟದ ಮೇಲಿರುವ ಅಂಗಳದಿಂದ ಕೆಳಗೆ ಕೆಂಪು ಹೆಂಚಿನ ಊರು, ಆಚೆ ಕೆಥೀಡ್ರಲ್ಲಿನ ಗೋಪುರಗಳು. ಕಾಲಡಿಯಲ್ಲಿ ಜಲ್ಲಿಕಲ್ಲು ಕರಕರ, ಸುತ್ತಲೂ ಲೋಟಗಳ ಠಣಠಣ, ಮಕ್ಕಳ ಕೇಕೆ. ನನ್ನ ಮೇಜಿಗೆ ಇಲ್ಲಿಯ ಹೊಗೆ ಬೀರು ಬರುತ್ತದೆ. ಶ್ಲೆಂಕರ್ಲಾದ್ದಕ್ಕಿಂತ ತಿಳಿ, ಹೊಗೆಯೂ ಹಗುರ.

ಎದುರು ಕುಳಿತ ವಯಸ್ಸಾದ ದಂಪತಿ ಮೂಲಂಗಿ ಸೀಳಿ ಉಪ್ಪು ಹಚ್ಚಿ ನನ್ನ ಕಡೆಗೂ ತಟ್ಟೆ ಸರಿಸುತ್ತಾರೆ. ತೋಟಗಾರರ ಕೇರಿಯವರಂತೆ. ಎರಡರಲ್ಲಿ ಯಾವುದು ಹಿಡಿಸಿತು ಎಂದು ಮುದುಕ ಕೇಳುತ್ತಾನೆ. ನಾನು ಯೋಚಿಸಿಯೇ ಹೇಳುತ್ತೇನೆ: ಶ್ಲೆಂಕರ್ಲಾದಲ್ಲಿ ಹೊಗೆ ಯಜಮಾನ, ಇಲ್ಲಿ ಹೊಗೆ ಅತಿಥಿ. ಮಾಲ್ಟಿನ ಮುಖ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೇ ಇದೇ ಒಂದು ಕೈ ಮೇಲು. ಮುದುಕ ಒಪ್ಪುವುದಿಲ್ಲ. ಹೊಗೆ ಬೀರು ಅಂದಮೇಲೆ ಹೊಗೆ ಗುದ್ದಬೇಕು ಎಂದು ಮೇಜು ತಟ್ಟುತ್ತಾನೆ. ಹೆಂಡತಿ ಇಬ್ಬರನ್ನೂ ತಳ್ಳಿಹಾಕುತ್ತಾಳೆ. ಮಾಲ್ಟ್ ನೋಡಬೇಕಾದರೆ ಹೊಗೆಯೇ ಇರಬಾರದು, ನದಿಯಾಚೆ ವುಂಡರ್‌ಬುರ್ಗ್‌ನಲ್ಲಿ ಮಾರ್ಸ್ ಬ್ರೂವರಿಯ ಸೋಸದ ಬೀರು ಕುಡಿಯಬೇಕು ಎನ್ನುತ್ತಾಳೆ. ಬಾಯ್ತೆರೆದು ‘ಊ’ ಎಂದರೆ ಸಾಕು, ಲೋಟ ಬರುತ್ತದೆಯಂತೆ. ಅಂಬರ್ ಬಣ್ಣ, ಅನಿಲ ಕಡಿಮೆ, ಬಾಯಿತುಂಬ ಬ್ರೆಡ್ಡು. ಮುದುಕ ಅದಕ್ಕೂ ಒಂದು ತಕರಾರು ಎತ್ತುತ್ತಾನೆ, ಆಕೆ ಅದಕ್ಕೊಂದು ಉತ್ತರ ಕೊಡುತ್ತಾಳೆ, ಪಕ್ಕದ ಮೇಜಿನವರೂ ತಿರುಗಿ ಕೂರುತ್ತಾರೆ. ನಾನು ದಾರಿ ಕೇಳುತ್ತೇನೆ. ನಾಲ್ಕು ಬೆರಳುಗಳು ನಾಲ್ಕು ದಿಕ್ಕು ತೋರಿಸುತ್ತವೆ, ಕೊನೆಗೆ ಎಲ್ಲರೂ ಒಂದನ್ನು ಒಪ್ಪುತ್ತಾರೆ: ಇಳಿಜಾರಿನಲ್ಲಿ ಇಳಿದು, ಹೊಳೆ ದಾಟಿ, ಎಡಗಡೆ ಕೇಳುತ್ತಾ ಹೋಗಿ. ಅರ್ಧ ಗಂಟೆಯ ನಡಿಗೆ. ಬೇಸಿಗೆಯ ಬೆಳಕು ಇನ್ನೂ ಸಾಕಷ್ಟಿದೆ. ಲೋಟ ಮುಗಿಸಿ, ಏಳಿ, ಹೊರಡೋಣ.